ಕಣ್ಣು ಎತ್ತಿದರ ಚುಕ್ಕಿ ತಪ್ಪತೈತಿ!
ಅಂಗಳದ ರಂಗೋಲಿಯೊಳಗ ಪಾವ್ ತಾಸಿನ ನೆಮ್ಮದಿ

ಅಳವಂಡಿ: ಮುಂಜಾನೆಯ ಮೊದಲ ಬಸ್ಸು ಹಿಡಿದು ಕೊಪ್ಪಳಕ್ಕೆ ಹೋಗುವವರು ಈ ನೋಟ ನೋಡಿಯೇ ಇರುತ್ತಾರೆ. ಇನ್ನೂ ಪೂರ್ತಿ ಬೆಳಕು ಹರಿದಿರುವುದಿಲ್ಲ. ಕಸ ಹೊಡೆದು, ಥಳಿ ಹೊಡೆದ ಅಂಗಳ ಹಸಿಯಾಗಿರುತ್ತದೆ. ಸೆರಗು ಸಿಗಿಸಿಕೊಂಡು ಬಗ್ಗಿ ನಿಂತ ಹೆಣ್ಣುಮಗಳ ಬೆರಳ ಸಂದಿಯಿಂದ ಬಿಳಿ ಎಳೆ ಇಳಿಯುತ್ತಿರುತ್ತದೆ. ಬಸ್ಸಿನವರು ಹಾರ್ನ್ ಹೊಡೆದರೂ ಆಕೆ ತಲೆ ಎತ್ತುವುದಿಲ್ಲ. ಅದು ಸೊಕ್ಕಲ್ಲ, ಲೆಕ್ಕ! ಕಣ್ಣು ಎತ್ತಿದರ ಚುಕ್ಕಿ ತಪ್ಪತೈತಿ.

ಆ ಹೊತ್ತಿಗೆ ಒಲಿ ಹೊತ್ತಿರುವುದಿಲ್ಲ, ಕೂಸು ಎದ್ದಿರುವುದಿಲ್ಲ. ರೊಟ್ಟಿ ಬಡಿಯುವುದು, ಬುತ್ತಿ ಕಟ್ಟುವುದು ಎಲ್ಲಾ ಬಾಕಿ. ಇಡೀ ದಿನದಾಗ ಆಕೀನ್ನ ಯಾರೂ 'ಏ, ಬಾ ಇಲ್ಲಿ' ಅಂತ ಕರೆಯದ ಹೊತ್ತು ಅಂದ್ರ ಇದೊಂದೇ. ಮನೆಗೆ ಶುಭ, ಲಕ್ಷ್ಮಿ ಬರ್ತಾಳ ಅಂತ ಹಾಕುವ ರಂಗೋಲಿ, ಹಾಕುವ ಜೀವಕ್ಕೆ ಏನು ಕೊಡತೈತಿ ಅಂತ ಮಾತ್ರ ಯಾರೂ ಕೇಳಿದ್ದಿಲ್ಲ.

ಅಂಗಡಿಕಾರರಿಗೊಂದು ಲೆಕ್ಕ

ಮಾತಿಗಿಂತ ಮಾಡಿ ನೋಡುವುದು ಮೇಲು. ಗಿರಾಕಿ ಇಲ್ಲದ ಮಧ್ಯಾಹ್ನ ಗಲ್ಲಾದ ಮೇಲಿರುವ ಚೀಟಿಯ ಬೆನ್ನಿಗೆ ಒಂದು ಸಾಲು 7 ಚುಕ್ಕಿ ಇಡಿ. ಅದರ ಮೇಲೆ, ಎರಡೆರಡು ಚುಕ್ಕಿಯ ನಡುವಿನ ಸಂದಿಗೆ ಸರಿಯಾಗಿ 6. ಅದರ ಮೇಲೆ 5, ಆಮೇಲೆ 4. ಕೆಳಗೂ ಹಾಗೇ 6, 5, 4. ಎಣಿಸಿದರೆ 37 ಚುಕ್ಕಿ, ಆರು ಮೂಲೆ. ಹಬ್ಬದ ದಿನ ಅಂಗಳ ತುಂಬುವ 15ರಿಂದ 8ರವರೆಗಿನ ರಂಗೋಲಿಯೂ ಇದೇ ಜಾತಿ. ಅದಕ್ಕೆ 169 ಚುಕ್ಕಿ ಬೇಕು. ಒಂದು ಚುಕ್ಕಿ ಅತ್ತಿತ್ತ ಸರಿದರೆ ಮುಂದಿನ ಸಾಲೂ ಸೊಟ್ಟ.

ಇನ್ನು ಎಳೆ. ಚುಕ್ಕಿಗೆ ಚುಕ್ಕಿ ಕೂಡಿಸುವುದು ಒಂದು ಬಗೆ. ಚುಕ್ಕಿಯನ್ನು ಮುಟ್ಟದೆ ಸುತ್ತು ಹಾಕಿಕೊಂಡು ಹೋಗುವುದು ಇನ್ನೊಂದು ಬಗೆ. ಇದರಲ್ಲಿ ಯಾವ ಚುಕ್ಕಿಯೂ ಹೊರಗೆ ಉಳಿಯಬಾರದು, ಎಳೆ ಹೊರಟಲ್ಲಿಗೇ ಬಂದು ಕೂಡಬೇಕು. ಹೆಬ್ಬೆರಳು, ತೋರುಬೆರಳ ನಡುವೆ ಪುಡಿ ಹಿಡಿದು ಒಂದೇ ಹದದಲ್ಲಿ ಬಿಡುವಾಗ ಉಸಿರೂ ತಾನಾಗಿ ಹದಕ್ಕೆ ಬರುತ್ತದೆ. ಸಾಲದವನು, ಸಂಘದ ಕಂತು, ಮಗನ ಪರೀಕ್ಷೆ, ಯಾವುದಕ್ಕೂ ಆ ಹೊತ್ತಿನಲ್ಲಿ ತಲೆಯೊಳಗೆ ಜಾಗ ಇರುವುದಿಲ್ಲ. ಜಾಗವನ್ನೆಲ್ಲ ಚುಕ್ಕಿ ಹಿಡಿದಿರುತ್ತದೆ.

ಈ ಎಣಿಕೆಯ ರುಚಿ ನಮ್ಮ ಸೀಮೆಯ ಕೈಗೆ ಹೊಸದಲ್ಲ. ಧಾರವಾಡ ಕಡೆಯ ಕಸೂತಿಯಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಬಟ್ಟೆಯ ಎಳೆ ಎಣಿಸಿ ಎಣಿಸಿಯೇ ಆನೆ, ತೇರು, ಗೋಪುರ ಮೂಡಿಸಬೇಕು.

ಪರದೇಶದಾಗ ಇದಕ್ಕ ಕ್ಲಾಸು!

ನಮ್ಮಲ್ಲಿ ಪುಕ್ಕಟೆ ಇರುವುದಕ್ಕೆ ಹೊರಗೆ ಬೆಲೆ ಹೆಚ್ಚು. ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ 2000ದ ದಶಕದ ಆರಂಭದಲ್ಲಿ ರಿಕ್ ರಾಬರ್ಟ್ಸ್, ಮರಿಯಾ ಥಾಮಸ್ ಎಂಬ ದಂಪತಿ 'ಝೆನ್‌ಟ್ಯಾಂಗಲ್' ಎಂಬ ಪದ್ಧತಿ ಹುಟ್ಟುಹಾಕಿದರು. ಮೂರೂವರೆ ಇಂಚಿನ ಚೌಕ ಕಾಗದ, ಒಂದು ಪೆನ್ನು. ಒಂದೇ ನಮೂನೆಯ ಗೆರೆಗಳನ್ನು ಮತ್ತೆ ಮತ್ತೆ ಎಳೆಯುವುದು. ಅಳಿಸುವ ರಬ್ಬರ್ ಇಲ್ಲ. ಮನಸ್ಸು ಹಗುರಾಗಲಿ ಅಂತ ದುಡ್ಡು ಕೊಟ್ಟು ಕಲಿಯುವವರಿದ್ದಾರೆ, ಕಲಿಸುವ ಮಾಸ್ತರರೂ ಇದ್ದಾರೆ.

2005ರಲ್ಲಿ ನ್ಯಾನ್ಸಿ ಕರಿ, ಟಿಮ್ ಕ್ಯಾಸರ್ ಎಂಬ ಅಮೆರಿಕದ ಸಂಶೋಧಕರು 84 ಕಾಲೇಜು ವಿದ್ಯಾರ್ಥಿಗಳ ಮೇಲೆ ಪರೀಕ್ಷೆ ಮಾಡಿದರು. ಮೊದಲು ಮನಸ್ಸಿನಲ್ಲಿ ಅಂಜಿಕೆ ಹುಟ್ಟುವಂತೆ ಮಾಡಿ, ಆಮೇಲೆ ಕೆಲವರಿಗೆ ದುಂಡು ಮಂಡಲ, ಕೆಲವರಿಗೆ ಚೌಕುಳಿ ಚಿತ್ತಾರ, ಉಳಿದವರಿಗೆ ಬರೀ ಬಿಳಿ ಹಾಳೆ ಕೊಟ್ಟು 20 ನಿಮಿಷ ಬಣ್ಣ ಹಾಕಿಸಿದರು. ಚಿತ್ತಾರ ಸಿಕ್ಕವರ ಅಂಜಿಕೆ ಬಿಳಿ ಹಾಳೆಯವರಿಗಿಂತ ಚೆನ್ನಾಗಿ ಇಳಿದಿತ್ತು. 2012ರಲ್ಲಿ ಬೇರೆಯವರು ಮತ್ತೆ ಮಾಡಿದಾಗ ಮಂಡಲ ಗೆದ್ದಿತು, ಚೌಕುಳಿ ಗೆಲ್ಲಲಿಲ್ಲ. ಇವು ಸಣ್ಣ ಪರೀಕ್ಷೆಗಳು, ಅದೂ ಬಣ್ಣ ತುಂಬುವ ಕೆಲಸದ್ದು, ರಂಗೋಲಿಯದ್ದಲ್ಲ. ಆದರೂ ಒಂದು ಮಾತು ಹೊಳೆಯುತ್ತದೆ. 'ನಿನಗೆ ಬೇಕಾದ್ದು ಮಾಡು' ಅಂತ ಖಾಲಿ ಹಾಳೆ ಕೊಟ್ಟರೆ ಕಳವಳದ ಮನಸ್ಸು ಇನ್ನಷ್ಟು ಅಲೆಯುತ್ತದೆ. ಹಿಡಿಯಲು ಒಂದು ಕಟ್ಟು, ಒಂದು ಕ್ರಮ ಇದ್ದರೆ ಅಲ್ಲಿ ನಿಲ್ಲುತ್ತದೆ.

ರಂಗೋಲಿಯ ಲೆಕ್ಕ ಪಂಡಿತರಿಗೂ ಸವಾಲಾಗಿತ್ತು. ಮದ್ರಾಸಿನ ಗಿಫ್ಟ್ ಸಿರೋಮನಿ ಮತ್ತು ಸಂಗಡಿಗರು 1974ರಲ್ಲಿ ತಮಿಳರ ಕೋಲಂ ಹಿಡಿದು ಕಂಪ್ಯೂಟರ್ ಗಣಿತದ ಲೇಖನ ಬರೆದರು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರು ಬಾಯಿಪಾಠ ಮಾಡಿಕೊಂಡಿದ್ದ ಲೆಕ್ಕ ಅದು.

ಸ್ಟಿಕರಿಗೇನು ಗೊತ್ತು?

ಈಗ ಓಣಿಗೆ ಕಾಂಕ್ರೀಟು ಬಂದಿದೆ. ಅಂಗಳವಿದ್ದಲ್ಲಿ ಬೈಕು ನಿಂತಿದೆ. ಪೇಟೆಯಲ್ಲಿ ತೂತಿನ ಅಚ್ಚು ಸಿಗುತ್ತದೆ. ಪುಡಿ ಸುರಿದು ಎತ್ತಿದರೆ ಕಮಲ ರೆಡಿ. ಅದೂ ಬೇಡವೆಂದರೆ ಪ್ಲಾಸ್ಟಿಕ್ ಸ್ಟಿಕರು, ಒಮ್ಮೆ ಅಂಟಿಸಿದರೆ ತಿಂಗಳುಗಟ್ಟಲೆ ಚಿಂತೆಯಿಲ್ಲ. ಮಾರುವವರ ತಪ್ಪೇನೂ ಇಲ್ಲ, ಕೊಳ್ಳುವವರದ್ದೂ ಅಲ್ಲ. ಎಂಟು ಗಂಟೆಯ ಬಸ್ಸಿಗೆ ಓಡುವ ಟೀಚರಮ್ಮನಿಗೆ, ನಡು ಹಿಡಿದ ಮುದುಕಿಗೆ 169 ಚುಕ್ಕಿ ಇಡು ಅನ್ನುವುದು ನ್ಯಾಯವಲ್ಲ. ಆದರೆ ಉಳಿದ ಆ ಪಾವ್ ತಾಸು ಆಕೆಯ ಕೈಗೆ ಬಂತೇ? ಇಲ್ಲ. ಅದು ಒಲಿಯ ಮುಂದೆ ಹೋಯಿತು, ಬಟ್ಟೆಯ ಬುಟ್ಟಿಗೆ ಹೋಯಿತು.

ಇನ್ನೊಂದು ಮಾತು. ಸಾವಾದ ಮನೆಯ ಮುಂದೆ ರಂಗೋಲಿ ಹಾಕುವುದಿಲ್ಲ. ಬರೀ ಅಂಗಳ ನೋಡಿದ ಓಣಿಯವರು ದನಿ ತಗ್ಗಿಸಿ ದಾಟುತ್ತಾರೆ. ದಿನ ಕಳೆದು ಮತ್ತೆ ನಾಲ್ಕು ಚುಕ್ಕಿ ಕಂಡಾಗ, ಸದ್ಯ, ಮನೆ ಚೇತರಿಸಿಕೊಂಡಿತು ಅಂತ ತಿಳಿಯುತ್ತಾರೆ. ಸ್ಟಿಕರಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು? ಹೆಣ ಎತ್ತುವಾಗಲೂ ಹೊಸ್ತಿಲಲ್ಲಿ 'ಸುಸ್ವಾಗತ' ಅಂತಿರುತ್ತದೆ!

ಆದರೆ ಹಳೆಯದೆಲ್ಲ ಬಂಗಾರವೂ ಅಲ್ಲ. ಗಂಡನನ್ನು ಕಳೆದುಕೊಂಡವಳು ರಂಗೋಲಿ ಬಟ್ಟಲು ಮುಟ್ಟಬಾರದು ಎಂಬ ಕಟ್ಟಳೆ ಹಲವು ಮನೆಗಳಲ್ಲಿ ಇತ್ತು, ಬಾಯಿ ಬಿಟ್ಟು ಹೇಳದಿದ್ದರೂ ಇನ್ನೂ ಅಲ್ಲಲ್ಲಿ ಉಳಿದಿದೆ. ಮೂವತ್ತು ವರ್ಷ ದಿನಾ ಚುಕ್ಕಿ ಇಟ್ಟ ಕೈ ಒಂದೇ ದಿನಕ್ಕೆ ಅಶುಭವಾಯಿತೇ? ಮನಸ್ಸು ಒಂದು ಕಡೆ ನಿಲ್ಲಲಿ ಅಂತ ಎಲ್ಲರಿಗಿಂತ ಹೆಚ್ಚು ಬೇಕಾದ ಹೊತ್ತಿನಲ್ಲೇ ಆ ಬಟ್ಟಲು ಕಸಿದುಕೊಳ್ಳುವುದು ಯಾವ ನೀತಿ? ಯೋಚಿಸಬೇಕಾದ ಮಾತು.

ಗಂಡಸರು ಕೈ ಹಚ್ಚಬಾರದು ಅಂತಲೂ ಎಲ್ಲೂ ಬರೆದಿಲ್ಲ. ಅಂಗಡಿ ಬಾಗಿಲು ತೆಗೆದ ಮೇಲೆ ನೀರು ಚಿಮುಕಿಸಿ, ಆಳಿನ ಕೈಯಲ್ಲಿ ಎರಡು ಗೆರೆ ಎಳೆಸುವ ಸಾಹುಕಾರರು ಒಂದು ದಿನ ತಾವೇ 37 ಚುಕ್ಕಿ ಇಟ್ಟು ನೋಡಲಿ. ಮೊದಲ ದಿನ ಸೊಟ್ಟ ಬಂದೀತು, ಎದುರಿನ ಅಂಗಡಿಯವರು ನಕ್ಕಾರು. ನಾಲ್ಕನೆಯ ದಿನಕ್ಕೆ ಕೈ ಕುದುರುತ್ತದೆ.

ಡ್ರೈವರ್ ಸಾಹೇಬರಿಗೂ ಒಂದು ವಿನಂತಿ. ನಾಳೆ ಮುಂಜಾನೆ ಓಣಿಯ ತಿರುವಿನಾಗ ಯಾರಾದರೂ ಬಗ್ಗಿ ನಿಂತಿದ್ದರ ಹಾರ್ನಿನ ಮ್ಯಾಲಿಂದ ಸ್ವಲ್ಪ ಕೈ ತಗೀರಿ. ಎಣಿಕಿ ನಡದೈತಿ.