ಬೆಟ್ಟಕ್ಕೆ ಬಂದವರ ಬಿಸ್ಕತ್ತು, ನಮ್ಮ ಕಡಲೆಕಾಯಿ

ಅಂತರಗಂಗೆ ಬೆಟ್ಟ ಕೋಲಾರ ಪೇಟೆಗೆ ಅಂಟಿಕೊಂಡೇ ಇದೆ. ಅದರ ಬುಡದಲ್ಲಿ ನನ್ನದು ಎರಡೂವರೆ ಎಕರೆ ಖುಷ್ಕಿ. ಬಸವನ ಬಾಯಿಂದ ಬೀಳುವ ನೀರು, ಮೇಲಿನ ಗುಹೆ ನೋಡಲು ಬೆಂಗಳೂರಿಂದ ಜನ ಬರುತ್ತಾರೆ. ಬರಲಿ. ಕಾರ್ತಿಕ ಸೋಮವಾರ ನಾವೂ ಹೋಗುವವರೇ. ಆದರೆ ಮೇಲೆ ಮಾಡಿದ್ದು ಕೆಳಗೆ ಹೊಲಕ್ಕೆ ಹೇಗೆ ಇಳಿಯುತ್ತೆ ಅನ್ನೋದು ಬಂದವರಿಗೆ ಗೊತ್ತಾಗೋದಿಲ್ಲ.

ಕೋತಿ ಕತೆ ನೋಡಿ. ಸೀತಾಫಲ, ಚಿಗುರು, ಹುಳ ಹುಡುಕಿ ತಿಂದು ದಿನ ಕಳೆಯೋ ಪ್ರಾಣಿ ಅದು. ಮೆಟ್ಟಿಲ ಹತ್ತಿರ ಬಿಸ್ಕತ್ತು, ಬಾಳೆಹಣ್ಣು ಕೈಗೇ ಸಿಕ್ಕರೆ ಹುಡುಕೋದನ್ನು ಬಿಡುತ್ತೆ. ಸುಲಭದ ತಿಂಡಿ ಹೆಚ್ಚಾದರೆ ಮರಿಗಳೂ ಹೆಚ್ಚು. ಶನಿವಾರ ಭಾನುವಾರ ಹಬ್ಬ, ಸೋಮವಾರದಿಂದ ಉಪವಾಸ. ಆಗ ಗುಂಪು ಹೊಲಕ್ಕಿಳಿದು, ಬಿತ್ತಿದ ಕಡಲೆಬೀಜವನ್ನು ಸಾಲು ಹಿಡಿದು ಕೆದಕುತ್ತೆ. ಪ್ಲಾಸ್ಟಿಕ್ ಕವರಿನ ಸದ್ದಾದರೆ ಸಾಕು, ಹುಣಸೆ ಮರದಿಂದ ಹಾರಿ ಬರುತ್ತವೆ. ನಾನು ಬುತ್ತಿಯನ್ನು ಡಬ್ಬಿಗೆ ಹಾಕಿ ತರಲು ಶುರು ಮಾಡಿದ ಮೇಲೆ ಊಟದ ಹೊತ್ತಿನ ಕಾಟ ಕಮ್ಮಿಯಾಯ್ತು.

ಅದಕ್ಕಿಂತ ದೊಡ್ಡದು ಬೆಂಕಿ. ರಾತ್ರಿ ಬೆಟ್ಟ ಹತ್ತಿ ಚಳಿ ಕಾಯಿಸಿಕೊಂಡ ಬೆಂಕಿ ಆರಿಸದೆ ಬಂದರೆ, ಒಣಗಿದ ಹುಲ್ಲು ಹಿಡಿದು ಗುಡ್ಡವೇ ಉರಿಯುತ್ತೆ. (ಎಳೆ ಹುಲ್ಲು ಬರಲಿ ಅಂತ ಬೆಂಕಿ ಇಡೋ ನಮ್ಮವರೂ ಇದ್ದಾರೆ, ಮುಚ್ಚಿಡೋದೇಕೆ?) ಹುಲ್ಲು, ಪೊದೆ ಇದ್ದರೆ ಮಳೆ ನಿಧಾನ ಇಂಗುತ್ತೆ. ಬೋಳು ನೆಲಕ್ಕೆ ಹೊಡೆದ ಮಳೆ ಮಣ್ಣು ಕಿತ್ತುಕೊಂಡು ಬಂದು ಕೆರೆಗೆ ಹೂಳು ತುಂಬುತ್ತೆ. ವರ್ಷವಿಡೀ ಹರಿಯೋ ನದಿಯಿಲ್ಲದ ಸೀಮೆ ನಮ್ಮದು. 700 ಮಿ.ಮೀ. ಆಸುಪಾಸಿನ ಮಳೆಯಲ್ಲೇ ಬಾಳಬೇಕು.

ಹಾಗಂತ ಜನರನ್ನು ತಡೆಯೋದು ಬೇಡ. ಸೌತೆಕಾಯಿ, ಎಳನೀರು ಮಾರೋರು ನಮ್ಮವರೇ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದಾಗ ಸರ್ಕಾರ ಚಾರಣ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಮೊದಲೇ ಹೆಸರು ಬರೆಸಿದವರಿಗೆ ಮಾತ್ರ, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಲೆಕ್ಕ ಇಟ್ಟು ಬಿಟ್ಟರು. ನಮ್ಮ ಬೆಟ್ಟಕ್ಕೆ ಎಷ್ಟು ಜನ ಅನ್ನೋದನ್ನು ಅರಣ್ಯದವರು ಊರವರ ಜೊತೆ ಕೂತು ತೀರ್ಮಾನಿಸಲಿ. ನನ್ನ ಕೇಳಿದರೆ, ಹಗಲು ಮಾತ್ರ ಬಿಡಬೇಕು, ಬುಡದಲ್ಲೇ ಬೆಂಕಿಪೊಟ್ಟಣ ಇಸ್ಕೋಬೇಕು. ಕೋತಿಗೆ ತಿಂಡಿ ಮಾರೋ ಅಂಗಡಿ ನಮ್ಮವರದ್ದಾದರೂ ಮುಚ್ಚಬೇಕು.

ಅಲ್ಲೀತನಕ ಕಾವಲು ತಪ್ಪಿದ್ದಲ್ಲ. ಈ ಸಲ ಪಕ್ಕದ ಮೂರು ಹೊಲದವರು ಒಂದೇ ದಿನ ಬಿತ್ತಿ, ಸರದಿ ಮೇಲೆ ಹತ್ತು ದಿನ ಕಾದೆವು. ಮೊಳಕೆ ಉಳಿಯಿತು.