‘ಉಳಿಸಬೇಡ’ ಹೋಗಿ ‘ಉಳಿಸ’ ಆದರೆ? ಡೈಲಾಗ್ ವಿಂಡೋ ಸೆಟ್ಟಿಂಗ್ ಹೀಗಿರಲಿ

ಪುಣೆ ಜಿಲ್ಲೆಯಲ್ಲೂ ಒಂದು ಶಿರೂರು ಇದೆ. ನಮ್ಮ ಅಂಕೋಲಾದ ಶಿರೂರು ಅಲ್ಲ, ಘೋಡ್ ನದಿ ದಡದ ತಾಲ್ಲೂಕು ಕೇಂದ್ರ. ಅದೇ ತಾಲ್ಲೂಕಿನ ರಾಂಜಣಗಾಂವ್ ಕೈಗಾರಿಕಾ ಪ್ರದೇಶದಲ್ಲಿ ಕಾರು, ಟಿವಿ ತಯಾರಿಸುವ ದೊಡ್ಡ ಕಾರ್ಖಾನೆಗಳಿವೆ. ಅಂಥದ್ದೊಂದು ಕಡೆ ಕನ್ನಡ ಓದುವ ಆಪರೇಟರ್ ಒಬ್ಬರ ಮುಂದೆ ಪರದೆಯಲ್ಲಿ ಪುಟ್ಟ ಕಿಟಕಿ ತೆರೆದು, ಬದಲಾವಣೆ ಉಳಿಸಬೇಕೇ ಎಂದು ಕೇಳಿತು ಎಂದುಕೊಳ್ಳಿ. ಬಟನ್‌ನಲ್ಲಿ ‘ಉಳಿಸಬೇಡ’ ಎಂದು ಬರೆದಿದ್ದರೂ ಜಾಗ ಸಾಲದೆ ‘ಉಳಿಸ’ ಎಂದಷ್ಟೇ ಕಂಡರೆ?

ಇಂಗ್ಲಿಷ್‌ನಲ್ಲಿ ‘ಡೋಂಟ್ ಸೇವ್’ ತುದಿ ಕತ್ತರಿಸಿದರೂ ‘ಡೋಂಟ್’ ಉಳಿಯುತ್ತದೆ. ಕನ್ನಡದಲ್ಲಿ ‘ಬೇಡ’ ಇರುವುದೇ ಪದದ ಬಾಲದಲ್ಲಿ. ಬಾಲ ಹೋದರೆ ಅರ್ಥವೇ ತಲೆಕೆಳಗು. ಹೀಗಾಗಿ ಡೈಲಾಗ್ ವಿಂಡೋದ ಅಳತೆ ನಮಗೆ ಬರೀ ಅಂದಚಂದದ ವಿಷಯವಲ್ಲ.

ಕನ್ನಡಕ್ಕೆ ಎತ್ತರವೂ ಬೇಕು. ‘ಮುಚ್ಚು’, ‘ರದ್ದು’ ಪದಗಳ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ವಿಷುಯಲ್ ಸ್ಟುಡಿಯೋದ ವಿಂಡೋಸ್ ಫಾರ್ಮ್ಸ್ ಡಿಸೈನರ್‌ನಲ್ಲಿ ಬಟನ್ ಎಳೆದು ಹಾಕಿದರೆ ಸಾಮಾನ್ಯವಾಗಿ ಸಿಗುವುದು 75 ಪಿಕ್ಸೆಲ್ ಅಗಲ, 23 ಪಿಕ್ಸೆಲ್ ಎತ್ತರದ ಡಬ್ಬಿ. ‘ಓಕೆ’ಗೆ ಅದು ಧಾರಾಳ, ‘ರದ್ದುಗೊಳಿಸು’ಗೆ ಇಕ್ಕಟ್ಟು.

ಫಾರ್ಮ್ ಆಯ್ದು ಎಫ್4 ಒತ್ತಿದರೆ ಪ್ರಾಪರ್ಟೀಸ್ ಪಟ್ಟಿ ತೆರೆಯುತ್ತದೆ. ಬಟನ್‌ನ ‘ಆಟೋಸೈಜ್’ ಅನ್ನು ‘ಟ್ರೂ’ ಮಾಡಿ, ಅಕ್ಷರಕ್ಕೆ ತಕ್ಕಂತೆ ಅದು ತಾನೇ ಬೆಳೆಯುತ್ತದೆ. ಪಕ್ಕದ ಬಟನ್ ಮೇಲೆ ಹತ್ತಿ ಕೂರದಂತೆ ಎಲ್ಲವನ್ನೂ ‘ಟೇಬಲ್ ಲೇಔಟ್ ಪ್ಯಾನೆಲ್’ ಒಳಗೆ ಇಡಿ. ‘ಆಟೋ ಎಲಿಪ್ಸಿಸ್’ ಎಂಬ ಆಯ್ಕೆಯನ್ನು ಮಾತ್ರ ನೆಚ್ಚಬೇಡಿ. ಅದು ಬಾಲ ಕತ್ತರಿಸಿ ಮೂರು ಚುಕ್ಕಿ ಇಡುತ್ತದೆ, ನಮ್ಮ ‘ಬೇಡ’ ಇರುವುದು ಅಲ್ಲೇ!

ಇನ್ನು ಕಿಟಕಿಯ ಸ್ವಭಾವ. ‘ಫಾರ್ಮ್ ಬಾರ್ಡರ್ ಸ್ಟೈಲ್’ನಲ್ಲಿ ‘ಫಿಕ್ಸ್‌ಡ್ ಡೈಲಾಗ್’ ಕೊಟ್ಟರೆ ಬಳಕೆದಾರರು ಅಂಚು ಹಿಡಿದು ಎಳೆಯಲಾಗದು. ಅಕ್ಷರ ಕತ್ತರಿಸಿದ್ದರೆ ಹಿಗ್ಗಿಸಿ ಓದುವ ದಾರಿಯೂ ಬಂದ್. ಆದ್ದರಿಂದ ಅಳತೆ ಸರಿಯಾದ ಮೇಲಷ್ಟೇ ಇದನ್ನು ಹಾಕುವುದು ಕ್ಷೇಮ. ‘ಸ್ಟಾರ್ಟ್ ಪೊಸಿಷನ್’ಗೆ ‘ಸೆಂಟರ್ ಪೇರೆಂಟ್’ ಕೊಟ್ಟು ‘ಶೋಡೈಲಾಗ್’ ಮೂಲಕ ತೆರೆದರೆ ಕಿಟಕಿ ಮುಖ್ಯ ವಿಂಡೋದ ನಡುವೆ ಬರುತ್ತದೆ, ಉತ್ತರ ಕೊಡುವವರೆಗೆ ಆ ಪ್ರೋಗ್ರಾಂನ ಉಳಿದ ವಿಂಡೋಗಳು ಕೈಗೆ ಸಿಗುವುದಿಲ್ಲ. ‘ಆಕ್ಸೆಪ್ಟ್ ಬಟನ್’ ಎಂದು ಗುರುತಿಸಿದ್ದು ಎಂಟರ್ ಕೀಗೆ, ‘ಕ್ಯಾನ್ಸಲ್ ಬಟನ್’ ಎಸ್ಕೇಪ್ ಕೀಗೆ ಓಗೊಡುತ್ತದೆ. ಓದದೆಯೇ ಎಂಟರ್ ಒತ್ತುವವರೇ ಹೆಚ್ಚು. ಅಳಿಸುವಂಥ ಕೆಲಸವನ್ನು ಎಂಟರ್‌ಗೆ ಕಟ್ಟದಿರುವುದು ಒಳಿತು.

ಉಚಿತವಾಗಿ ಸಿಗುವ ಕ್ಯೂಟಿ ಡಿಸೈನರ್‌ನಲ್ಲಿ ಹೆಸರುಗಳು ಬೇರೆ, ತತ್ವ ಅದೇ. ಶೀರ್ಷಿಕೆಗೆ ‘ವಿಂಡೋ ಟೈಟಲ್’, ಕನಿಷ್ಠ ಅಳತೆಗೆ ‘ಮಿನಿಮಮ್ ಸೈಜ್’. ಲೇಔಟ್ ಹಾಕಿ ಕಂಟ್ರೋಲ್ ಮತ್ತು ಆರ್ ಒತ್ತಿದರೆ ಕೋಡ್ ಬರೆಯದೆಯೇ ಮುನ್ನೋಟ ಸಿಗುತ್ತದೆ. ಆಗ ‘ಓಕೆ’ ಹಾಕಿ ನೋಡಿ ಖುಷಿಪಡುವ ಬದಲು, ನಿಮ್ಮ ತಂತ್ರಾಂಶದಲ್ಲಿ ಬರುವ ಅತಿ ಉದ್ದದ ಕನ್ನಡ ಪದ ಹಾಕಿ ನೋಡಿ.

ಅಷ್ಟು ಮಾಡಿಯೂ ಜಾಗ ಸಾಲದಿದ್ದರೆ ಪದವನ್ನೇ ಬದಲಿಸಬಹುದು. ‘ಉಳಿಸು’, ‘ಉಳಿಸಬೇಡ’ ಎಂಬ ಜೋಡಿಯ ಬದಲು ‘ಉಳಿಸು’, ‘ಕೈಬಿಡು’ ಎಂದಿಟ್ಟರೆ ಮೊದಲ ಅಕ್ಷರದಲ್ಲೇ ವ್ಯತ್ಯಾಸ ಕಾಣುತ್ತದೆ.