ಪ್ರೋಗ್ರಾಂ ಮುಗ್ಗರಿಸಿದಾಗ ಶೋಧಯಂತ್ರವನ್ನು ಕೇಳುವ ಬಗೆ



ವರ್ಷಗಟ್ಟಲೆ ಅನುಭವವಿರುವ ಪ್ರೋಗ್ರಾಮರುಗಳೂ ಎಲ್ಲವನ್ನೂ ಕಂಠಪಾಠ ಮಾಡಿಕೊಂಡಿರುವುದಿಲ್ಲ. ಕೆಲಸದ ನಡುವೆ ತೊಡಕು ಬಂದಾಗ ಅವರೂ ಗೂಗಲ್‌ನಂಥ ಶೋಧಯಂತ್ರದ ನೆರವು ಪಡೆಯುತ್ತಾರೆ. ಹುಡುಕುವುದರಲ್ಲಿ ನಾಚಿಕೆಯಿಲ್ಲ, ಆದರೆ ಅದಕ್ಕೂ ಒಂದು ಕ್ರಮವಿದೆ.

ನೀವು ಕೇಳಿದ ಮೇಲೆ ಶೋಧಯಂತ್ರ ಜಗತ್ತಿನ ಪುಟಗಳನ್ನೆಲ್ಲ ಓದಲು ಹೊರಡುವುದಿಲ್ಲ. ಯಾವ ಪದ ಯಾವ ಪುಟದಲ್ಲಿದೆ ಎಂಬ ಸೂಚಿಯನ್ನು ಅದು ಮೊದಲೇ ಸಿದ್ಧಪಡಿಸಿಟ್ಟಿರುತ್ತದೆ. ಪುಸ್ತಕದ ಕೊನೆಯಲ್ಲಿರುವ ಪದಸೂಚಿಯನ್ನು ನೀವು ನೋಡಿರಬಹುದು, ಇದೂ ಹಾಗೆಯೇ. ಆದ್ದರಿಂದ 'ನನ್ನ ಪ್ರೋಗ್ರಾಂ ನಡೆಯುತ್ತಿಲ್ಲ' ಎಂದಷ್ಟೇ ಕೇಳಿದರೆ ಪ್ರಯೋಜನ ಕಡಿಮೆ. ದೋಷದ ಗುರುತು ಆ ಮಾತಿನಲ್ಲಿಲ್ಲ.

ಗುರುತು ಎಲ್ಲಿದೆ? ಪೈಥಾನ್ ಭಾಷೆಯಲ್ಲಿ ದೋಷ ಕಂಡಾಗ ಪರದೆಯ ಮೇಲೆ ಹಲವು ಸಾಲುಗಳು ಮೂಡುತ್ತವೆ. ಗಾಬರಿಯಾಗದೆ ಕೊನೆಯ ಸಾಲನ್ನು ಓದಿ. 'ನೇಮ್ ಎರರ್: ನೇಮ್ ಮಾರ್ಕ್ಸ್ ಈಸ್ ನಾಟ್ ಡಿಫೈನ್ಡ್' ಎಂದಿದೆ ಎನ್ನೋಣ. ಇದರಲ್ಲಿ 'ಮಾರ್ಕ್ಸ್' ನೀವೇ ಇಟ್ಟ ಹೆಸರು. ಬೇರೆಯವರ ಪುಟದಲ್ಲಿ ಅದು ಇಲ್ಲದಿರಬಹುದು. ಅದನ್ನು ಬಿಟ್ಟು, ಉಳಿದದ್ದನ್ನು ಇಂಗ್ಲಿಷಿನಲ್ಲಿ ಇದ್ದಂತೆಯೇ ಬರೆದು, ಜೊತೆಗೆ ಭಾಷೆಯ ಹೆಸರನ್ನು ಸೇರಿಸಿ. ಪದಗಳು ಅದೇ ಕ್ರಮದಲ್ಲಿ ಬೇಕಾದರೆ ಅವನ್ನು ಉದ್ಧರಣ ಚಿಹ್ನೆಗಳ ನಡುವೆ ಇಡಿ.

ಉತ್ತರ ದೊರೆತ ಮೇಲೆ ನಿಜವಾದ ಕೆಲಸ ಆರಂಭ. ಮೊದಲು ಬಂದ ಪುಟವೇ ಸರಿಯಾದುದು ಎಂದು ತಿಳಿಯಬೇಡಿ. ಇತರ ಪುಟಗಳು ಎಷ್ಟರಮಟ್ಟಿಗೆ ಅದರತ್ತ ಕೈತೋರಿಸುತ್ತವೆ ಎಂಬುದೂ ಸ್ಥಾನ ನಿರ್ಧರಿಸುವ ಅಳತೆಗಳಲ್ಲೊಂದು. ಹೀಗಾಗಿ ಹೆಸರು ಗಳಿಸಿದ ಹಳೆಯ ಪುಟವೂ ಮೇಲೆ ಬರಬಹುದು.

ಹಳೆಯದಾದರೇನು ಎನ್ನುವಿರಾ? ಪೈಥಾನ್ 2ರಲ್ಲಿ 'ಪ್ರಿಂಟ್' ಆಜ್ಞೆಗೆ ಆವರಣ ಚಿಹ್ನೆ ಬೇಕಿರಲಿಲ್ಲ. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಅದು ಕಡ್ಡಾಯ. 2020ರ ಜನವರಿ 1ಕ್ಕೆ ಪೈಥಾನ್ 2ರ ಅಧಿಕೃತ ಪೋಷಣೆ ನಿಂತಿತು. ಆದರೆ ಅದಕ್ಕಾಗಿ ಬರೆದ ಪುಟಗಳು ಅಂತರಜಾಲದಲ್ಲಿ ಉಳಿದಿವೆ. ಅಲ್ಲಿಂದ ನಕಲು ಮಾಡಿದ ಸಾಲು ಇಂದು ವ್ಯಾಕರಣ ದೋಷವೆನಿಸುತ್ತದೆ. ಬರೆದಾಗ ಆ ಉತ್ತರ ಸರಿಯಾಗಿಯೇ ಇತ್ತು. ಕಾಲ ಮುಂದೆ ಸಾಗಿದೆ, ಅಷ್ಟೆ.

ಆದ್ದರಿಂದ ಪುಟದ ದಿನಾಂಕವನ್ನೂ ಭಾಷೆಯ ಆವೃತ್ತಿಯನ್ನೂ ನೋಡಿ. ಭಾಷೆಯ ಅಧಿಕೃತ ಕೈಪಿಡಿಯೊಡನೆ ಹೋಲಿಸಿ. ದೊರೆತ ಸಾಲುಗಳನ್ನು ಒಂದು ಪುಟ್ಟ ಪ್ರೋಗ್ರಾಮಿನಲ್ಲಿ ಬೇರೆಯಾಗಿ ನಡೆಸಿ ಪರೀಕ್ಷಿಸಿ. ಈಚೆಗೆ ಶೋಧಪುಟದ ಮೇಲ್ಭಾಗದಲ್ಲಿ ಯಂತ್ರವೇ ಹೆಣೆದ ಉತ್ತರವೂ ಕಾಣಿಸುತ್ತದೆ. ಅದಕ್ಕೂ ಇದೇ ಪರೀಕ್ಷೆ.

ನಾಳೆ ನೀವು ಬರೆಯುವ ಪ್ರೋಗ್ರಾಂ ಬ್ಯಾಂಕಿನ ಲೆಕ್ಕವನ್ನೋ ರೋಗಿಗೆ ಕೊಡುವ ಔಷಧದ ಪ್ರಮಾಣವನ್ನೋ ನೋಡಿಕೊಳ್ಳಬಹುದು. ಅಲ್ಲಿ ತಪ್ಪಾದರೆ 'ಎಲ್ಲೋ ಸಿಕ್ಕಿತು, ಹಾಕಿದೆ' ಎಂಬ ಸಮಜಾಯಿಷಿ ನಡೆಯದು. ಪ್ರತಿ ಸಾಲೂ ಏನು ಮಾಡುತ್ತದೆಂದು ಪಕ್ಕದ ಗೆಳೆಯನಿಗೆ ಕನ್ನಡದಲ್ಲಿ ವಿವರಿಸಿ ನೋಡಿ. ವಿವರಿಸಲು ಬಂದರೆ ಮಾತ್ರ ಅದನ್ನು ನಿಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಿ.